ಗೊರಟಿನ ಹಣ್ಣಿನ ಮರಗಳಿಗೆ ಗೊಬ್ಬರ, ಸಿಂಪಡಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯಂಗಳದ ಪೀಚ್, ಪ್ಲಮ್, ಏಪ್ರಿಕಾಟ್ ಮತ್ತು ಚೆರಿ ಮರಗಳನ್ನು ಕುರಿತವು. ಹಣ್ಣಿನೊಳಗೆ ಒಂದೇ ಗಟ್ಟಿ ಗೊರಟನ್ನು ಹೊತ್ತ ಈ ಮರಗಳೆಲ್ಲ ಪ್ರೂನಸ್ ಎಂಬ ಕುಲಕ್ಕೆ ಸೇರಿದವು; ಹೀಗಾಗಿ ಅವುಗಳ ಹಸಿವೂ ಕಾಯಿಲೆಗಳೂ ಬಹುಮಟ್ಟಿಗೆ ಒಂದೇ ಬಗೆಯವಾಗಿವೆ. ಬರೆದವರೆಲ್ಲ ತಮ್ಮ ಮರಗಳಿಗಾಗಿ ಮನಸ್ಸಿಟ್ಟು ದುಡಿದಿದ್ದಾರೆ, ಔಷಧಿ ತಂದಿದ್ದಾರೆ, ಗೊಬ್ಬರ ಹಾಕಿದ್ದಾರೆ. ಆದರೂ ಫಲ ಸಿಗದಿರುವುದಕ್ಕೆ ಬಹುತೇಕ ಪತ್ರಗಳಲ್ಲಿ ಕಾಣುವ ಕಾರಣ ಒಂದೇ: ಕೆಲಸ ನಡೆದ ಹೊತ್ತು ಮರಕ್ಕೆ ಹೊಂದುವ ಹೊತ್ತಾಗಿರಲಿಲ್ಲ.

ಪ್ರಶ್ನೆ: ನಮ್ಮ ಪೀಚ್ ಮರದ ಎಳೆಯ ಎಲೆಗಳು ಪ್ರತಿ ವರ್ಷ ದಪ್ಪಗಾಗಿ, ಕೆಂಪೇರಿ, ಮುರುಟಿಕೊಂಡು ಉದುರುತ್ತವೆ. ಎಲೆ ಮುರುಟುವುದು ಕಂಡ ದಿನದಿಂದಲೇ ವಾರಕ್ಕೊಮ್ಮೆಯಂತೆ ಮೂರು ಬಾರಿ ಶಿಲೀಂಧ್ರನಾಶಕ ಸಿಂಪಡಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಇನ್ನೂ ಬಲವಾದ ಔಷಧಿ ಯಾವುದು?

ಉತ್ತರ: ನಿಮಗೆ ಬೇಕಾಗಿರುವುದು ಹೆಚ್ಚು ಬಲವಾದ ಔಷಧಿಯಲ್ಲ, ಅದೇ ಔಷಧಿಯನ್ನು ಕೆಲವು ವಾರ ಮುಂಚಿತವಾಗಿ ಬಳಸಬೇಕು. ನೀವು ವಿವರಿಸಿರುವುದು ಟಾಫ್ರಿನಾ ಡಿಫಾರ್ಮನ್ಸ್ ಎಂಬ ಶಿಲೀಂಧ್ರದಿಂದ ಬರುವ ಎಲೆ ಮುರುಟು ರೋಗ. ಇದರ ಸೂಕ್ಷ್ಮ ಬೀಜಾಣುಗಳು ಮರದ ತೊಗಟೆಯ ಮೇಲೂ ಮೊಗ್ಗುಗಳ ಹೊರಮೈಯಲ್ಲೂ ಚಳಿಗಾಲವಿಡೀ ಕಾದು ಕುಳಿತಿದ್ದು, ಮೊಗ್ಗು ಉಬ್ಬಿ ಬಿರಿಯುವ ಹೊತ್ತಿಗೆ ಹವೆ ತಂಪಾಗಿ ತೇವವಾಗಿದ್ದರೆ ಇನ್ನೂ ಹೊರಬರದ ಎಲೆಯೊಳಕ್ಕೆ ನುಸುಳುತ್ತವೆ. ಎಲೆ ಬಿಚ್ಚಿಕೊಂಡು ಒಂದೆರಡು ವಾರಗಳಾದ ಮೇಲೆ ನಮ್ಮ ಕಣ್ಣಿಗೆ ಬೀಳುವ ಕೆಂಪು ಗುಳ್ಳೆಗಳು ಆಗಲೇ ಮುಗಿದುಹೋದ ಸೋಂಕಿನ ಗುರುತುಗಳು ಮಾತ್ರ. ಶಿಲೀಂಧ್ರ ಎಲೆಯ ಒಳಗಿದೆ, ನೀವು ಸಿಂಪಡಿಸುವುದು ಎಲೆಯ ಹೊರಗೆ. ಆದ್ದರಿಂದ ಮೂರು ಬಾರಿಯಲ್ಲ, ಹತ್ತು ಬಾರಿ ಸಿಂಪಡಿಸಿದರೂ ಆ ಎಲೆ ಸರಿಹೋಗುವುದಿಲ್ಲ.

ಈ ರೋಗಕ್ಕೆ ಮರ ಎಲೆಯುದುರಿಸಿ ಬರಿಗೊಂಬೆಯಾಗಿ ನಿಂತಿರುವಾಗಲೇ ಔಷಧಿ ಬೀಳಬೇಕು. ಎಲೆಗಳೆಲ್ಲ ಉದುರಿದ ಕೂಡಲೇ ಒಮ್ಮೆ, ಮೊಗ್ಗುಗಳು ಉಬ್ಬತೊಡಗುವ ಮುನ್ನ ಇನ್ನೊಮ್ಮೆ ಸಿಂಪಡಿಸುವುದು ಮಳೆ ಹೆಚ್ಚಿರುವ ಕಡೆಗಳಿಗೆ ಸೂಕ್ತ. ಒಣ ಹವೆಯ ಕಡೆಗಳಲ್ಲಿ ಎರಡನೆಯದೊಂದೇ ಸಾಕಾಗಬಹುದು. ಒಂದನ್ನೇ ಮಾಡಲು ಸಾಧ್ಯವಿರುವವರು ಎರಡನೆಯದನ್ನು ತಪ್ಪಿಸಬಾರದು. ಮೊಗ್ಗಿನ ತುದಿಯಲ್ಲಿ ಹಸಿರು ಕಾಣಿಸಿತೆಂದರೆ ಆ ವರ್ಷದ ಅವಕಾಶ ಬಹುಪಾಲು ಕೈತಪ್ಪಿದಂತೆ.

ಇದಕ್ಕೆ ತಾಮ್ರದ ಔಷಧಿಗಳು ಪರಿಣಾಮಕಾರಿ. ಅಂಗಡಿಯ ಸಿದ್ಧ ತಾಮ್ರದ ಪುಡಿಯನ್ನು ಅದರ ಚೀಟಿಯಲ್ಲಿ ಬರೆದ ಪ್ರಮಾಣದಂತೆ ಬಳಸಬಹುದು. ಮನೆಯಲ್ಲೇ ತಯಾರಿಸುವವರಿಗೆ ಶೇಕಡಾ 1ರ ಬೋರ್ಡೋ ದ್ರಾವಣವಿದೆ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಮಿಲಾರ್ದೆ ಎಂಬ ಸಸ್ಯವಿಜ್ಞಾನಿ ರೂಪಿಸಿದ ಈ ಮಿಶ್ರಣ ಇಂದಿಗೂ ತನ್ನ ಗುಣ ಕಳೆದುಕೊಂಡಿಲ್ಲ. ಹತ್ತು ಲೀಟರ್ ದ್ರಾವಣಕ್ಕೆ 100 ಗ್ರಾಂ ಮೈಲುತುತ್ತು ಮತ್ತು 100 ಗ್ರಾಂ ಒಳ್ಳೆಯ ಸುಟ್ಟ ಸುಣ್ಣ ಬೇಕು. ಎರಡು ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ತಲಾ ಐದು ಲೀಟರ್ ನೀರು ತೆಗೆದುಕೊಂಡು, ಒಂದರಲ್ಲಿ ಮೈಲುತುತ್ತನ್ನು ಕರಗಿಸಿ, ಇನ್ನೊಂದರಲ್ಲಿ ಸುಣ್ಣವನ್ನು ಅರಳಿಸಿ ಆರಿದ ಮೇಲೆ ಸೋಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಡ್ಡಿಯಿಂದ ಕಲಕುತ್ತಿರಬೇಕು. ಲೋಹದ ಪಾತ್ರೆ ಖಂಡಿತ ಬೇಡ. ಸಿದ್ಧವಾದ ದ್ರಾವಣದಲ್ಲಿ ಹೊಳಪಾದ ಕಬ್ಬಿಣದ ಮೊಳೆಯನ್ನೋ ಚಾಕುವಿನ ಅಲಗನ್ನೋ ಒಂದು ನಿಮಿಷ ಅದ್ದಿ ನೋಡಿ. ಅದರ ಮೇಲೆ ಕೆಂಪು ತಾಮ್ರದ ಲೇಪ ಕಂಡರೆ ಸುಣ್ಣ ಸಾಲದೆಂದು ಅರ್ಥ, ಇನ್ನಷ್ಟು ಸುಣ್ಣದ ನೀರು ಬೆರೆಸಬೇಕು. ತಯಾರಿಸಿದ ದಿನವೇ ಬಳಸಿ ಮುಗಿಸಬೇಕು. ಮರುದಿನಕ್ಕೆ ಉಳಿದ ದ್ರಾವಣ ಕೊಂಬೆಗೆ ಸರಿಯಾಗಿ ಅಂಟುವುದಿಲ್ಲ. ಪ್ರತಿ ಕೊಂಬೆಯ ಮೇಲ್ಭಾಗ, ಕೆಳಭಾಗ, ತುದಿಯ ಮೊಗ್ಗುಗಳೆಲ್ಲ ನೆನೆದು ಹನಿ ತೊಟ್ಟಿಕ್ಕುವಂತೆ ಸಿಂಪಡಿಸಿ. ಒಂದು ಮೊಗ್ಗು ಒಣಗುಳಿದರೆ ಆ ಮೊಗ್ಗಿನ ಎಲೆಗಳು ಮುರುಟುತ್ತವೆ.

ಇಲ್ಲೊಂದು ಎಚ್ಚರಿಕೆಯನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ, ಎಲೆ ತುಂಬಿದ್ದ ಪೀಚ್ ಮರವೊಂದಕ್ಕೆ ಇದೇ ದ್ರಾವಣ ಸಿಂಪಡಿಸಿದ್ದೆ. ಕೆಲವೇ ದಿನಗಳಲ್ಲಿ ಎಲೆಗಳ ಮೇಲೆಲ್ಲ ತೂತುಗಳು ಬಿದ್ದು ಮರ ಅರ್ಧಕ್ಕರ್ಧ ಬೋಳಾಯಿತು. ಪೀಚ್ ಮತ್ತು ಪ್ಲಮ್ ಎಲೆಗಳಿಗೆ ತಾಮ್ರ ಸಹಿಸುವ ಶಕ್ತಿ ಬಹಳ ಕಡಿಮೆ ಎಂಬುದನ್ನು ಆ ಮರದ ನಷ್ಟದಿಂದ ಕಲಿತೆ. ನಿಮಗೆ ಆ ನಷ್ಟ ಬೇಡ.

ಈ ವರ್ಷ ಮುರುಟಿದ ಮರಕ್ಕೆ ಔಷಧಿಯ ಬದಲು ಆರೈಕೆ ಮಾಡಿ. ಹವೆ ಬಿಸಿಯಾಗುತ್ತಿದ್ದಂತೆ ರೋಗ ತಾನಾಗಿ ನಿಲ್ಲುತ್ತದೆ, ಮರ ಎರಡನೆಯ ಬಾರಿ ಚಿಗುರುತ್ತದೆ. ಆ ಚಿಗುರಿಗಾಗಿ ಅದು ತನ್ನ ಕೂಡಿಟ್ಟ ಶಕ್ತಿಯನ್ನು ಖರ್ಚು ಮಾಡುವುದರಿಂದ, ನೀರು ತಪ್ಪದಂತೆ ನೋಡಿಕೊಂಡು, ಕಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಿತ್ತು ಭಾರ ಇಳಿಸುವುದು ಒಳ್ಳೆಯದು.

ಪ್ರಶ್ನೆ: ಐದು ವರ್ಷದ ಪ್ಲಮ್ ಮರಕ್ಕೆ ತಿಂಗಳಿಗೊಮ್ಮೆ 250 ಗ್ರಾಂ ಯೂರಿಯಾ ತಪ್ಪದೆ ಕೊಡುತ್ತಿದ್ದೇನೆ. ಮರ ಹಚ್ಚಹಸಿರಾಗಿ ಆಳೆತ್ತರದ ಚಿಗುರು ಬಿಡುತ್ತದೆ. ಕಾಯಿ ಮಾತ್ರ ಬೆರಳೆಣಿಕೆಯಷ್ಟು. ಯಾವ ಗೊಬ್ಬರ ಕಡಿಮೆಯಾಗಿದೆ?

ಉತ್ತರ: ನಿಮ್ಮ ಮರಕ್ಕೆ ಗೊಬ್ಬರ ಕಡಿಮೆಯಾಗಿಲ್ಲ, ಬಹಳ ಹೆಚ್ಚಾಗಿದೆ. ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 250 ಗ್ರಾಂ ಎಂದರೆ ವರ್ಷಕ್ಕೆ ಮೂರು ಕಿಲೊ ಯೂರಿಯಾ. ಯೂರಿಯಾದಲ್ಲಿ ಶೇಕಡಾ 46ರಷ್ಟು ಸಾರಜನಕವಿರುವುದರಿಂದ ಸುಮಾರು 1,380 ಗ್ರಾಂ ಸಾರಜನಕ ನಿಮ್ಮ ಮರದ ಬುಡ ಸೇರಿದೆ. ಗೊರಟಿನ ಹಣ್ಣಿನ ಮರಗಳಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜೆಂದರೆ, ಮರದ ವಯಸ್ಸಿನ ಪ್ರತಿ ವರ್ಷಕ್ಕೆ ಸುಮಾರು 45 ಗ್ರಾಂ ಸಾರಜನಕ, ಎಷ್ಟೇ ದೊಡ್ಡ ಮರವಾದರೂ ಸುಮಾರು 450 ಗ್ರಾಂ ಮೀರದಂತೆ. ಆ ಪ್ರಕಾರ ಐದು ವರ್ಷದ ಮರಕ್ಕೆ ಇಡೀ ವರ್ಷಕ್ಕೆ 225 ಗ್ರಾಂ ಸಾರಜನಕ, ಅಂದರೆ ಅರ್ಧ ಕಿಲೊಗಿಂತ ತುಸು ಕಡಿಮೆ ಯೂರಿಯಾ, ಮೇಲ್ಮಿತಿ. ನೀವು ಅದರ ಆರು ಪಟ್ಟು ಕೊಟ್ಟಿದ್ದೀರಿ. ಕೊಟ್ಟಿಗೆ ಗೊಬ್ಬರವನ್ನೂ ಹಾಕುತ್ತಿರುವ ಮನೆದೋಟದಲ್ಲಿ ಈ ಮೇಲ್ಮಿತಿಯ ಅರ್ಧವೂ ಎಷ್ಟೋ ಬಾರಿ ಬೇಕಾಗುವುದಿಲ್ಲ.

ಆದರೆ ಗ್ರಾಂ ಲೆಕ್ಕಕ್ಕಿಂತ ಮರವನ್ನೇ ಕೇಳುವುದು ನನಗೆ ಹೆಚ್ಚು ನಂಬಿಕೆಯ ದಾರಿ. ಮರ ಎಲೆಯುದುರಿಸಿದ ಮೇಲೆ ನಾಲ್ಕೈದು ಕೊಂಬೆಗಳ ತುದಿಯಿಂದ ಹಿಂದಕ್ಕೆ ಬೆರಳಾಡಿಸುತ್ತ ಬನ್ನಿ. ಒಂದೆಡೆ ತೊಗಟೆಯ ಸುತ್ತ ಉಂಗುರದಂತೆ ಒತ್ತೊತ್ತಾದ ಗೆರೆಗಳು ಸಿಗುತ್ತವೆ, ಅಲ್ಲಿಂದಾಚೆಗೆ ತೊಗಟೆಯ ಬಣ್ಣವೂ ಬದಲಾಗುತ್ತದೆ. ಆ ಉಂಗುರದಿಂದ ತುದಿಯವರೆಗಿನ ಉದ್ದವೇ ಆ ವರ್ಷದ ಬೆಳವಣಿಗೆ. ಫಲ ಕೊಡುವ ಪೀಚ್ ಮರದಲ್ಲಿ ಅದು 30ರಿಂದ 45 ಸೆಂಟಿಮೀಟರ್ ಇರಬೇಕು, ಏಕೆಂದರೆ ಪೀಚ್ ಹಿಂದಿನ ವರ್ಷ ಬೆಳೆದ ಕಡ್ಡಿಯಲ್ಲೇ ಕಾಯಿ ಬಿಡುತ್ತದೆ. ಹೊಸ ಕಡ್ಡಿ ಇಲ್ಲದಿದ್ದರೆ ಮುಂದಿನ ವರ್ಷದ ಹಣ್ಣೂ ಇಲ್ಲ. ಪ್ಲಮ್ ಮತ್ತು ಚೆರಿ ಹಲವು ವರ್ಷ ಬಾಳುವ ಗಿಡ್ಡ ಕವಲುಗಳಲ್ಲಿ ಕಾಯಿ ಕಟ್ಟುವುದರಿಂದ ಅವುಗಳಿಗೆ 20ರಿಂದ 30 ಸೆಂಟಿಮೀಟರ್ ಸಾಕು. ಬೆಳವಣಿಗೆ ಇದಕ್ಕಿಂತ ಕಡಿಮೆಯಿದ್ದು ಎಲೆ ಮಂಕಾಗಿದ್ದರೆ ಗೊಬ್ಬರ ಹೆಚ್ಚಿಸಿ. ಮಿತಿಯಲ್ಲಿದ್ದರೆ ಹಿಂದಿನಷ್ಟೇ ಕೊಡಿ. ಮೀರಿದ್ದರೆ ಆ ವರ್ಷ ಸಾರಜನಕವನ್ನು ಪೂರ್ತಿ ನಿಲ್ಲಿಸಿ. ನಿಮ್ಮದು ಆಳೆತ್ತರದ ಚಿಗುರಾದ್ದರಿಂದ ಮುಂದಿನ ಒಂದೆರಡು ವರ್ಷ ಯೂರಿಯಾದ ಚೀಲವನ್ನು ಬಿಚ್ಚಲೇಬೇಡಿ. ಉದ್ದ ಚಿಗುರುಗಳನ್ನು ತುದಿ ಕತ್ತರಿಸಿ ಮೋಟುಮಾಡುವುದೂ ಬೇಡ, ಅದು ಇನ್ನಷ್ಟು ಚಿಗುರನ್ನು ಎಬ್ಬಿಸುತ್ತದೆ. ಒಳಕ್ಕೆ ನುಗ್ಗಿ ಬೆಳಕು ತಡೆಯುವವುಗಳನ್ನು ಬುಡದಿಂದಲೇ ತೆಗೆಯಿರಿ.

ಹೆಚ್ಚಿದ ಸಾರಜನಕದ ಕೆಡುಕು ಕಾಯಿ ಕಡಿಮೆಯಾಗುವುದರಲ್ಲೇ ಮುಗಿಯುವುದಿಲ್ಲ. ಮೆತ್ತನೆಯ ಚಿಗುರಿಗೆ ಹೇನು ಮುತ್ತುತ್ತದೆ, ದಟ್ಟ ಎಲೆಗಳ ನಡುವೆ ತೇವ ಆರದೆ ಕೊಳೆರೋಗ ನೆಲೆಸುತ್ತದೆ, ಹಣ್ಣಿಗೆ ಬಣ್ಣ ಏರುವುದಿಲ್ಲ, ಚಳಿ ಬರುವ ಹೊತ್ತಿಗೆ ಕಡ್ಡಿ ಬಲಿತಿರುವುದಿಲ್ಲ. ಗೊಬ್ಬರದ ತಪ್ಪನ್ನು ತಿದ್ದದೆ ಸಿಂಪಡಣೆಯಿಂದ ಸರಿಪಡಿಸಲು ಹೊರಟರೆ ಆ ಕೆಲಸಕ್ಕೆ ಕೊನೆಯೇ ಇರುವುದಿಲ್ಲ.

ಮುಂದೆ ಗೊಬ್ಬರ ಕೊಡುವ ಕಾಲ ಬಂದಾಗ, ಮೊಗ್ಗು ಒಡೆಯುವ ಮುನ್ನ ಅರ್ಧ ಭಾಗ, ಕಾಯಿ ನಿಂತದ್ದು ಖಚಿತವಾದ ಮೇಲೆ ಉಳಿದರ್ಧ ಕೊಡಿ. ಹಿಮ ಬಿದ್ದೋ ಗಾಳಿಮಳೆಗೆ ಸಿಕ್ಕೋ ಹೂವು ಹಾಳಾದ ವರ್ಷ ಎರಡನೆಯ ಕಂತನ್ನು ಬಿಟ್ಟುಬಿಡಬಹುದು. ಬೇಸಿಗೆಯ ಕೊನೆಯಲ್ಲಿ ಸಾರಜನಕ ಕೊಡಬಾರದು. ಗೊಬ್ಬರವನ್ನು ಕಾಂಡಕ್ಕೆ ತಾಗಿಸದೆ, ಒಂದಡಿ ದೂರದಿಂದ ಆರಂಭಿಸಿ, ನಡುಹಗಲಿನಲ್ಲಿ ಮರದ ನೆರಳು ಬೀಳುವ ಅಂಚಿನವರೆಗೆ ತೆಳ್ಳಗೆ ಹರಡಿ ನೀರು ಹಾಯಿಸಬೇಕು. ನೀರು, ಆಹಾರ ಹೀರುವ ಎಳೆಬೇರುಗಳು ಹೆಚ್ಚಾಗಿ ಆ ಹೊರವಲಯದಲ್ಲೇ ಇರುತ್ತವೆ. ಹೊಸದಾಗಿ ನೆಟ್ಟ ಸಸಿಯ ಗುಂಡಿಗೆ ರಾಸಾಯನಿಕ ಗೊಬ್ಬರ ಹಾಕಿದರೆ ಎಳೆಬೇರು ಸುಡುತ್ತದೆ, ಹಾಕಬೇಡಿ.

ಪೊಟ್ಯಾಷ್ ಬಗ್ಗೆಯೂ ಒಂದು ಮಾತು. ಪ್ಲಮ್ ಮರ ಹಣ್ಣು ತುಂಬಿದಾಗ ಪೊಟ್ಯಾಷನ್ನು ಬಹಳವಾಗಿ ಎಳೆದುಕೊಳ್ಳುತ್ತದೆ. ಕೊರತೆಯಾದರೆ ಎಲೆಯಂಚು ಸುಟ್ಟಂತಾಗಿ ಮೇಲಕ್ಕೆ ಮಡಚಿಕೊಳ್ಳುತ್ತದೆ. ಆದರೆ ಈ ಕುಲದ ಮರಗಳಿಗೆ ಕ್ಲೋರೈಡ್ ಒಗ್ಗುವುದಿಲ್ಲವಾದ್ದರಿಂದ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಬದಲಿಗೆ ಸಲ್ಫೇಟ್ ಆಫ್ ಪೊಟ್ಯಾಷನ್ನು ಆರಿಸಿಕೊಳ್ಳಿ. ಹಾಕುವ ಮುನ್ನ ಮಣ್ಣು ಪರೀಕ್ಷೆ ಮಾಡಿಸುವುದು ಅದಕ್ಕಿಂತಲೂ ಮುಖ್ಯ.

ಕೊನೆಯದಾಗಿ, ನಿಮ್ಮ ಮರ ಹೂ ತುಂಬಿಯೂ ಕಾಯಿ ನಿಲ್ಲಿಸುತ್ತಿಲ್ಲವಾದರೆ ಕಾರಣ ಬೇರೆಯೇ ಇರಬಹುದು. ಜಪಾನಿ ಪ್ಲಮ್‌ನ ಹೆಚ್ಚಿನ ತಳಿಗಳಿಗೂ ಸಿಹಿ ಚೆರಿಯ ಬಹುತೇಕ ತಳಿಗಳಿಗೂ ತಮ್ಮದೇ ಪರಾಗ ಕೆಲಸಕ್ಕೆ ಬಾರದು; ಅದೇ ಹೊತ್ತಿಗೆ ಹೂ ಬಿಡುವ, ಅದಕ್ಕೆ ಹೊಂದುವ ಇನ್ನೊಂದು ತಳಿ ಹತ್ತಿರದಲ್ಲಿರಬೇಕು. ಜಾಗವಿಲ್ಲದವರು ಇರುವ ಮರದ ಒಂದು ಕೊಂಬೆಗೇ ಅಂಥ ತಳಿಯನ್ನು ಕಸಿ ಕಟ್ಟಬಹುದು.

ಪ್ರಶ್ನೆ: ನಮ್ಮಲ್ಲಿ ಪೀಚ್ ಮತ್ತು ಏಪ್ರಿಕಾಟ್ ಅಕ್ಕಪಕ್ಕದಲ್ಲಿವೆ. ಎರಡಕ್ಕೂ ಒಂದೇ ಬಾರಿಗೆ ಗಂಧಕದ ಔಷಧಿ ಸಿಂಪಡಿಸಬಹುದೇ? ಅದರೊಂದಿಗೆ ಎಣ್ಣೆ ಬೆರೆಸಬಹುದೇ?

ಉತ್ತರ: ಎರಡಕ್ಕೂ ಉತ್ತರ ಬೇಡ ಎಂದೇ. ಏಪ್ರಿಕಾಟ್ ಮರಕ್ಕೆ ಗಂಧಕ ಸೇರುವುದಿಲ್ಲ; ಸುಣ್ಣ-ಗಂಧಕದ ದ್ರಾವಣವಾಗಲಿ ನೀರಿನಲ್ಲಿ ಕದಡುವ ಗಂಧಕದ ಪುಡಿಯಾಗಲಿ ಅದಕ್ಕೆ ಹಾನಿ ಮಾಡುತ್ತದೆ. ಪೀಚ್ ಮರಕ್ಕೆ ಸಿಂಪಡಿಸುವಾಗ ಗಾಳಿಯಲ್ಲಿ ತೇಲಿಹೋಗುವ ಹನಿಯೂ ಪಕ್ಕದ ಏಪ್ರಿಕಾಟ್ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಅಷ್ಟು ಹತ್ತಿರದಲ್ಲಿದ್ದರೆ ಎರಡಕ್ಕೂ ಎಲೆಯಿಲ್ಲದ ಕಾಲದಲ್ಲಿ ತಾಮ್ರವನ್ನೇ ಬಳಸುವುದು ಕ್ಷೇಮ.

ಎಲೆಯಿಲ್ಲದ ಕಾಲದಲ್ಲಿ ತೋಟಗಾರಿಕೆಯ ಖನಿಜ ಎಣ್ಣೆಯನ್ನು, ಸಾಮಾನ್ಯವಾಗಿ ಲೀಟರ್ ನೀರಿಗೆ 20 ಮಿಲಿಲೀಟರ್‌ನಂತೆ, ಸಿಂಪಡಿಸಿದರೆ ಕೊಂಬೆಗೆ ಅಂಟಿಕೊಂಡಿರುವ ಶಲ್ಕ ಕೀಟಗಳೂ ಹೇನಿನ ಮೊಟ್ಟೆಗಳೂ ಉಸಿರುಗಟ್ಟಿ ಸಾಯುತ್ತವೆ. ಆದರೆ ಎಣ್ಣೆ ಮತ್ತು ಗಂಧಕ ಸೇರಿದರೆ ಮರ ಸುಡುತ್ತದೆ. ಎರಡರ ನಡುವೆ ಒಂದು ತಿಂಗಳ ಅಂತರವಿರಲಿ. ಹಿಮ ಬೀಳುವ ದಿನ, ನೀರಿಲ್ಲದೆ ಮರ ಬಾಡಿರುವ ದಿನ ಮತ್ತು ಬಿಸಿಲಿನ ತಾಪ 32 ಡಿಗ್ರಿ ದಾಟುವ ದಿನ ಎಣ್ಣೆ ಸಿಂಪಡಿಸಬಾರದು.

ಪ್ರಶ್ನೆ: ಚಿಗುರಿನ ತುಂಬ ಹೇನು. ಮರ ಹೂವಿನಲ್ಲಿದೆ. ಕೀಟನಾಶಕ ಹೊಡೆಯಲೇ?

ಉತ್ತರ: ದಯವಿಟ್ಟು ಬೇಡ. ಹೂ ಅರಳಿರುವಾಗ ಕೀಟನಾಶಕ ಸಿಂಪಡಿಸಿದರೆ ಕಾಯಿ ಕಟ್ಟಿಸಲು ಬಂದ ಜೇನುಹುಳುಗಳೇ ಮೊದಲು ಸಾಯುತ್ತವೆ. ಕೊನೆಯ ಎಸಳು ಉದುರುವವರೆಗೆ ತಾಳಿ. ಅಷ್ಟರೊಳಗೆ ಕೊಳವೆಯ ನೀರನ್ನು ರಭಸವಾಗಿ ಎಲೆಯ ಅಡಿಗೆ ಹಾಯಿಸಿದರೆ ಬಹಳಷ್ಟು ಹೇನು ಉದುರಿಹೋಗುತ್ತದೆ. ಇರುವೆಗಳು ಹತ್ತದಂತೆ ಕಾಂಡಕ್ಕೆ ಬಟ್ಟೆ ಸುತ್ತಿ ಅದರ ಮೇಲೆ ಅಂಟು ಬಳಿದರೆ, ಇರುವೆಗಳ ಕಾವಲಿಲ್ಲದ ಹೇನುಗಳನ್ನು ಗುಲಗಂಜಿ ಹುಳುಗಳು ತಿಂದು ಮುಗಿಸುತ್ತವೆ. ಎಸಳುದುರಿದ ಮೇಲೂ ಹೇನು ಉಳಿದಿದ್ದರೆ ಬೇವಿನ ಎಣ್ಣೆಯನ್ನೋ ಕೀಟನಾಶಕ ಸಾಬೂನಿನ ದ್ರಾವಣವನ್ನೋ ಸಂಜೆಯ ಹೊತ್ತು ಸಿಂಪಡಿಸಿ. ಪ್ಲಮ್ ಎಲೆ ಮುದುಡಿದ್ದನ್ನು ಕಂಡು ಅದನ್ನೂ ಮುರುಟು ರೋಗವೆಂದು ತಿಳಿದು ತಾಮ್ರ ತರುವವರಿದ್ದಾರೆ. ಎಲೆಯನ್ನು ಬಿಡಿಸಿ ಒಳಗೆ ನೋಡಿ. ಹೇನಿದ್ದರೆ ಅದು ಹೇನಿನದೇ ಕೆಲಸ.

ಪ್ರಶ್ನೆ: ಕಾಂಡದಿಂದ ಜೇನಿನ ಬಣ್ಣದ ಅಂಟು ಸುರಿಯುತ್ತಿದೆ. ಯಾವ ಸಿಂಪಡಣೆ ಮಾಡಬೇಕು?

ಉತ್ತರ: ಅಂಟು ಸ್ವತಃ ರೋಗವಲ್ಲ. ಗಾಯವಾದಾಗ, ಬೇರಿಗೆ ನೀರು ಕಟ್ಟಿದಾಗ, ಬಿಸಿಲಿಗೆ ತೊಗಟೆ ಸೀಳಿದಾಗ, ಕೊರಕ ಹೊಕ್ಕಾಗ ಅಥವಾ ಬ್ಯಾಕ್ಟೀರಿಯಾ ಸೋಂಕಿದಾಗ ಈ ಮರಗಳು ಕೊಡುವ ಒಂದೇ ಪ್ರತಿಕ್ರಿಯೆ ಅದು. ಮೊದಲು ಕಾರಣವನ್ನು ಪತ್ತೆ ಮಾಡಿ. ಅಂಟು ನೆಲಮಟ್ಟದ ಬಳಿ ಇದ್ದು ಅದರಲ್ಲಿ ಮರದ ಹೊಟ್ಟಿನಂಥ ಪುಡಿ ಸೇರಿದ್ದರೆ ಒಳಗೆ ಕೊರಕವಿದೆ. ಬುಡದ ಮಣ್ಣನ್ನು ಸರಿಸಿ, ರಂಧ್ರದೊಳಗೆ ತೆಳು ತಂತಿ ತೂರಿಸಿ ಹುಳುವನ್ನು ಕೊಲ್ಲಬೇಕು. ಪುಡಿಯಿಲ್ಲದೆ, ತೊಗಟೆಯಡಿ ಕಂದಾಗಿ ಹುಳಿ ವಾಸನೆ ಬರುತ್ತಿದ್ದರೆ ಅದು ಬ್ಯಾಕ್ಟೀರಿಯಾದ ಹುಣ್ಣು. ಇದನ್ನು ಸಿಂಪಡಣೆಯಿಂದ ಗುಣಪಡಿಸಲಾಗದು. ರೋಗ ತಗುಲಿದ ಕೊಂಬೆಯನ್ನು ಆರೋಗ್ಯವಾದ ಭಾಗದವರೆಗೆ, ಒಣಹವೆಯ ದಿನಗಳಲ್ಲಿ ಕತ್ತರಿಸಿ ತೆಗೆಯಬೇಕು. ಮಳೆಗಾಲದ ಹಸಿ ಗಾಯದಿಂದಲೇ ಈ ಹುಣ್ಣೂ ಪ್ಲಮ್, ಚೆರಿಗಳ ಬೆಳ್ಳಿ ಎಲೆ ರೋಗವೂ ಒಳನುಗ್ಗುವುದರಿಂದ ಚಾಟನಿಯನ್ನು ಒಣಗಾಲಕ್ಕೆ ಇಟ್ಟುಕೊಳ್ಳಿ. ಎರಡೂ ಲಕ್ಷಣ ಕಾಣದಿದ್ದರೆ ಬುಡದಲ್ಲಿ ನೀರು ನಿಲ್ಲುತ್ತಿದೆಯೇ ಎಂದು ನೋಡಿ.

ಪ್ರಶ್ನೆ: ಎಳೆ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿವೆ. ಯೂರಿಯಾ ಕೊಟ್ಟರೂ ಸರಿಹೋಗಲಿಲ್ಲ.

ಉತ್ತರ: ಇದು ಕಬ್ಬಿಣದ ಕೊರತೆ. ಸಾರಜನಕ ಕಡಿಮೆಯಾದರೆ ಮೊದಲು ಹಳೆಯ ಎಲೆಗಳು, ನರಗಳೂ ಸೇರಿದಂತೆ, ಹಳದಿಯಾಗುತ್ತವೆ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಎಟುಕುವುದಿಲ್ಲ. ಇಂಥ ಕಡೆ ಬೂದಿಯನ್ನಾಗಲಿ ಸುಣ್ಣವನ್ನಾಗಲಿ ಹಾಕಬಾರದು. ಇ.ಡಿ.ಡಿ.ಎಚ್.ಎ. ರೂಪದ ಕೀಲೇಟ್ ಕಬ್ಬಿಣವನ್ನು, ಅಂದರೆ ಬೇರಿಗೆ ಎಟುಕುವಂತೆ ಇನ್ನೊಂದು ರಾಸಾಯನಿಕದೊಂದಿಗೆ ಬೆಸೆದ ಕಬ್ಬಿಣವನ್ನು, ಬುಡಕ್ಕೆ ಕೊಟ್ಟರೆ ಕ್ಷಾರ ಮಣ್ಣಿನಲ್ಲೂ ಕೆಲಸ ಮಾಡುತ್ತದೆ. ಅತಿಯಾಗಿ ನೀರು ಕೊಡುವುದೂ ಇದೇ ಲಕ್ಷಣ ತರುವುದರಿಂದ ಮೊದಲು ನೀರನ್ನು ಕಡಿಮೆ ಮಾಡಿ ನೋಡಿ.

ಪ್ರಶ್ನೆ: ಹಣ್ಣು ಮಾಗುವ ವಾರದಲ್ಲೇ ಕಂದು ಕಲೆ ಎದ್ದು, ಬೂದುಬಣ್ಣದ ಪುಡಿ ಮೂಡಿ, ಎರಡೇ ದಿನದಲ್ಲಿ ಇಡೀ ಹಣ್ಣು ಕೊಳೆಯುತ್ತದೆ. ಆಗ ಸಿಂಪಡಿಸಿದರೆ ತಿನ್ನಲು ಭಯ. ದಾರಿಯೇನು?

ಉತ್ತರ: ನಿಮ್ಮ ಭಯ ಸಕಾರಣವಾದದ್ದು. ಇದು ಮೊನಿಲಿನಿಯಾ ಎಂಬ ಶಿಲೀಂಧ್ರದ ಕಂದು ಕೊಳೆ ರೋಗ. ವರ್ಷವಿಡೀ ಕಾಪಾಡಿಕೊಂಡು ಬಂದ ಹಣ್ಣನ್ನು ಕೊಯ್ಲಿನ ಹೊಸ್ತಿಲಲ್ಲಿ ಕಸಿದುಕೊಳ್ಳುವ ಇದರಷ್ಟು ಕ್ರೂರವಾದ ರೋಗ ಈ ಮರಗಳಿಗೆ ಇನ್ನೊಂದಿಲ್ಲವೆಂದು ನನ್ನ ಅನಿಸಿಕೆ. ಕೊಳೆತ ಹಣ್ಣು ಸುಕ್ಕುಗಟ್ಟಿ ಕಪ್ಪಾಗಿ ಕೊಂಬೆಯಲ್ಲೇ ತೂಗಾಡುತ್ತ ಉಳಿಯುತ್ತದೆ. ಮುಂದಿನ ಋತುವಿನ ಮಳೆಗೆ ಅದರಿಂದಲೇ ಬೀಜಾಣುಗಳು ಹೊರಟು ಮೊದಲು ಹೂವನ್ನು, ಹೂವಿನಿಂದ ಕಡ್ಡಿಯನ್ನು, ಕೊನೆಗೆ ಹಣ್ಣನ್ನು ಹಿಡಿಯುತ್ತವೆ. ಆದ್ದರಿಂದ ಔಷಧಿಗಿಂತ ಮೊದಲಿನ ಚಿಕಿತ್ಸೆಯೆಂದರೆ, ಎಲೆಯುದುರಿದ ಮೇಲೆ ಏಣಿ ಹತ್ತಿ ಮರದಲ್ಲಿರುವ ಪ್ರತಿಯೊಂದು ಒಣಹಣ್ಣನ್ನೂ ಅದು ಅಂಟಿಕೊಂಡಿರುವ ಸತ್ತ ಕಡ್ಡಿಯೊಂದಿಗೆ ಕತ್ತರಿಸಿ, ನೆಲಕ್ಕೆ ಬಿದ್ದವುಗಳನ್ನೂ ಆಯ್ದು ಆಳವಾಗಿ ಹೂಳುವುದು.

ಎರಡನೆಯ ಕೆಲಸ ಕಾಯಿ ಬಿಡಿಸುವುದು. ಪೀಚ್ ಕಾಯಿ ಹೆಬ್ಬೆರಳಿನ ಉಗುರಿನಷ್ಟಾದಾಗ, ಒಂದಕ್ಕೊಂದು ಸುಮಾರು 15 ಸೆಂಟಿಮೀಟರ್ ಅಂತರ ಉಳಿಯುವಂತೆ ಉಳಿದವನ್ನು ಕಿತ್ತುಹಾಕಿ. ಕೈ ಹಿಂಜರಿಯುತ್ತದೆ, ನಿಜ. ಆದರೆ ಒಂದಕ್ಕೊಂದು ತಾಗಿದ ಹಣ್ಣುಗಳ ನಡುವೆಯೇ ಕೊಳೆ ವೇಗವಾಗಿ ದಾಟುತ್ತದೆ. ಉಳಿಸಿದ ಹಣ್ಣುಗಳು ದೊಡ್ಡದಾಗುವುದು ಇದರ ಜೊತೆಗಿನ ಲಾಭ.

ಇಷ್ಟಾದ ಮೇಲೂ ಹೂವಿನ ಕಾಲದಲ್ಲಿ ಮಳೆ ಹಿಡಿದರೆ, ಈ ರೋಗಕ್ಕೆಂದೇ ಒಪ್ಪಿತವಾದ, ಜೇನುಹುಳುಗಳಿಗೆ ಹಾನಿಯಿಲ್ಲದ ಶಿಲೀಂಧ್ರನಾಶಕವನ್ನು ಹುಳುಗಳ ಓಡಾಟ ನಿಂತ ಸಂಜೆಯಲ್ಲಿ ಒಮ್ಮೆ ಸಿಂಪಡಿಸಿ. ಇನ್ನೊಮ್ಮೆ ಸಿಂಪಡಿಸುವುದಾದರೆ ಹಣ್ಣು ಬಣ್ಣ ತಿರುಗುವ ಹೊತ್ತಿಗೆ ಮಾಡಬೇಕಾಗುತ್ತದೆ. ಸಿಂಪಡಿಸಿದ ದಿನದಿಂದ ಕೊಯ್ಲಿನವರೆಗೆ ಎಷ್ಟು ದಿನ ಕಾಯಬೇಕೆಂಬುದು ಔಷಧಿಯ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ನಿಮ್ಮ ಕೊಯ್ಲು ಅದಕ್ಕಿಂತ ಹತ್ತಿರವಿದ್ದರೆ ಸಿಂಪಡಣೆಯನ್ನೇ ಕೈಬಿಡಿ. ಸಿಂಪಡಿಸುವಾಗ ಕೈಗವಸು, ಕನ್ನಡಕ, ಮುಖಗವಸು, ತುಂಬುತೋಳಿನ ಬಟ್ಟೆ ಇರಲಿ. ಪಂಪು ತೊಳೆದ ನೀರನ್ನು ಬಾವಿ, ಕೆರೆ, ಮೀನಿನ ಕೊಳಗಳ ಕಡೆಗೆ ಹರಿಯಬಿಡಬೇಡಿ, ಅದರಲ್ಲೂ ತಾಮ್ರ ಮೀನುಗಳಿಗೆ ವಿಷ. ಕೊಯ್ಲಿನ ದಿನಗಳಲ್ಲಿ ಪ್ರತಿದಿನ ಮರ ಸುತ್ತಿ, ಹಕ್ಕಿ ಕುಕ್ಕಿದ, ಸೀಳಿದ, ಕಲೆ ಬಿದ್ದ ಹಣ್ಣನ್ನು ಮೊದಲು ತೆಗೆದು ಬೇರೆ ಬುಟ್ಟಿಗೆ ಹಾಕಿ. ಒಳ್ಳೆಯ ಹಣ್ಣನ್ನು ಆ ಕೈಯಿಂದ ಮುಟ್ಟುವ ಮುನ್ನ ಕೈ ತೊಳೆದುಕೊಳ್ಳಿ.